ಹೋಬಾರ್ಟ್ಸ್ ವೈನಿಗೆ ಮೂರನೆಯ ಅಂಕ

ಜೂನ್ 6, ಮಂಗಳವಾರ

ಈ ನೋಟುಬುಕ್ಕಿನ ಮೊದಲ ಒಂಬತ್ತು ಹಾಳೆಗಳಲ್ಲಿ ಕೊರಿನ್ ಯಾವ ಟೊಮೆಟೊ ಸಸಿ ಯಾವತ್ತು ನೆಟ್ಟಳೆಂದು ಬರೆದಿಟ್ಟಿದ್ದಾಳೆ. ಹತ್ತನೆಯ ಹಾಳೆಯಿಂದ ನಾನು. ಹೊಸ ಪುಸ್ತಕ ಕೊಳ್ಳಲು ಅಂಗಡಿಗೆ ಹೋದರೆ ನಾಲ್ಕು ಜನ ಕೈ ಹಿಡಿದುಕೊಂಡು, ತಲೆ ಓರೆ ಮಾಡಿ, ಹೇಗಿದ್ದೀರಿ ಎಂದು ಕೇಳುತ್ತಾರೆ. ಹೆಂಡತಿ ಸತ್ತು ನಾಲ್ಕು ವಾರವಾದವನು ಹೇಗಿರುತ್ತಾನೋ ಹಾಗಿದ್ದೇನೆ.

ಬೆಳಿಗ್ಗೆ ಲೀಲ್ಯಾಂಡ್ ಪ್ರೂಯಿಟ್ ಬಂದಿದ್ದ. ನಮ್ಮ ಲೊರೇನ್ ಊರಿನ ಅರ್ಧ ಜನರ ಹಲ್ಲು ಕಿತ್ತವನು, ಈಗ ನಿವೃತ್ತನಾಗಿ ಸರೋವರ ತೀರದ ವೈನ್ ಸಂಘದ ಅಧ್ಯಕ್ಷ. ನಮ್ಮಂಥ ಸಾಮಾನ್ಯ ಜನ ಹೋಗುವ ಹೋಟೆಲುಗಳಲ್ಲಿ ಯಾವುದರ ವೈನ್ ಪಟ್ಟಿ ಚೆನ್ನಾಗಿದೆಯೋ ಅದಕ್ಕೆ ಸಂಘ ವರ್ಷಕ್ಕೊಮ್ಮೆ ಒಂದು ಫಲಕ ಕೊಡುತ್ತದೆ. ಹನ್ನೊಂದು ವರ್ಷ ಆ ತೀರ್ಪು ಕೊರಿನ್‌ಳದು. ಕಳೆದ ನಾಲ್ಕು ವರ್ಷವೂ ಫಲಕ ಹೋದದ್ದು ಹೆದ್ದಾರಿ ಪಕ್ಕದ ಕ್ಯಾಪ್ಟನ್ ಹೋಬಾರ್ಟ್ಸ್‌ಗೆ. ಎಂಬತ್ತು ಊರುಗಳಲ್ಲಿ ಶಾಖೆಗಳಿರುವ ಮೀನಿನ ಹೋಟೆಲು, ಪ್ರತಿಯೊಂದರ ಸೂರಿನ ಮೇಲೂ ಒಂದು ಪ್ಲಾಸ್ಟಿಕ್ ಏಡಿ. ಎದುರಿಗೇ ಈರಿ ಸರೋವರ ಮೀನು ತುಂಬಿಕೊಂಡು ಬಿದ್ದಿದೆ, ಇವರು ಅಲಾಸ್ಕಾದಿಂದ ಏಡಿ ತರಿಸುತ್ತಾರೆ.

ಲೀಲ್ಯಾಂಡ್ ತಂದ ಸುದ್ದಿ ಇದು. ಈ ವರ್ಷದಿಂದ ಅದರ ಹೆಸರು ಕೊರಿನ್ ಬೆನೆಷ್ ಫಲಕ. ಜುಲೈ ಇಪ್ಪತ್ತೆರಡರ ಔತಣದಲ್ಲಿ ಮೊದಲ ಫಲಕ ಹೋಬಾರ್ಟ್ಸ್‌ಗೆ, ಅವಳಿಗೆ ಅಷ್ಟು ಇಷ್ಟವಾಗಿದ್ದ ಜಾಗಕ್ಕೆ. ನಾನು ಕೆಮ್ಮಿದಂತೆ ಮಾಡಿದೆ. ಒಂದೇ ತೊಡಕು. ತೀರ್ಪಿನ ಹಾಳೆಯಲ್ಲಿ ಮೂರು ಭೇಟಿಗೆ ಮೂರು ಅಂಕಣ ಇರುತ್ತವೆ. ಅಕ್ಟೋಬರಿನಲ್ಲಿ ತೊಂಬತ್ತೊಂದು ಕೊಟ್ಟಿದ್ದಾಳೆ, ಜನವರಿಯಲ್ಲಿ ತೊಂಬತ್ತು. ಮೂರನೆಯದು ಖಾಲಿ. ಪಾಪ, ಅವಳಿಗೆ ಸಮಯ ಸಿಗಲಿಲ್ಲ ಎಂದ ಲೀಲ್ಯಾಂಡ್.

"ನೀನೇ ಒಂದು ತೊಂಬತ್ತು ಅಂತ ಬರ್ದುಬಿಡು ಮಿಲ್ಟ್. ಯಾರ್ ಕೇಳ್ತಾರೆ?"

ಹಡಗುಕಟ್ಟೆಯಲ್ಲಿ ಮೂವತ್ತೊಂದು ವರ್ಷ ಬೆಸುಗೆ ಪರೀಕ್ಷೆ ಮಾಡಿದವನು ನಾನು. ಕಣ್ಣಿಂದ ನೋಡದ ಬೆಸುಗೆಗೆ ಒಂದು ದಿನವೂ ಮುದ್ರೆ ಒತ್ತಿಲ್ಲ. ನಾನೇ ಹೋಗಿ, ಕುಡಿದು ನೋಡಿ, ಆಮೇಲೆ ಬರೆಯುತ್ತೇನೆ ಎಂದೆ. ಲೀಲ್ಯಾಂಡ್ ನಕ್ಕ. ನನಗೆ ಬಿಯರಿಗೂ ಸೋಡಾಕ್ಕೂ ವ್ಯತ್ಯಾಸ ತಿಳಿದರೆ ಅದೇ ಹೆಚ್ಚಂತೆ. ತೀರ್ಪುಗಾರರಿಗೆ ಆಗದಿದ್ದರೆ ಮನೆಯವರು ಹೋಗಬಹುದು ಎಂದು ಹಾಳೆಯ ಬೆನ್ನಿಗೇ ಅಚ್ಚಾಗಿದೆ. ಅದನ್ನು ಎರಡು ಸಲ ಓದಿ ಹೇಳಿದೆ. ನಗು ನಿಂತಿತು.

ಕೊರಿನ್ ಯಾವತ್ತೂ ತಪ್ಪಿದವಳಲ್ಲ. ಅವಳು ಏನು ಕೊಡುತ್ತಿದ್ದಳೋ ಅದನ್ನೇ ಹುಡುಕಿ ಬರೆಯುವುದಷ್ಟೇ ನನ್ನ ಕೆಲಸ.

ಜೂನ್ 9, ಶುಕ್ರವಾರ

ಹೋಬಾರ್ಟ್ಸ್‌ನ ಒಳಗೆ ಇದೇ ಮೊದಲು ಕಾಲಿಟ್ಟದ್ದು. ತೀರ್ಪುಗಾರರು ಒಬ್ಬರೇ ಹೋಗಬೇಕೆಂಬುದು ಅವಳ ಕಟ್ಟುನಿಟ್ಟು. ಅವಳನ್ನು ಬಾಗಿಲಲ್ಲಿ ಇಳಿಸಿ ನಾನು ಪಕ್ಕದ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ನೋಡುತ್ತ ಕಾಲ ಕಳೆಯುತ್ತಿದ್ದೆ.

ಬಾರಿನ ಕಟ್ಟೆಯ ಮುಂದೆ ಕುಳಿತೆ. ಅಲ್ಲಿ ಬಡಿಸುವವಳ ಹೆಸರು ಟ್ವೈಲಾ. ಅರವತ್ತರ ಹತ್ತಿರ, ಕಿವಿಯ ಹಿಂದೆ ಪೆನ್ಸಿಲು, ಬಂದವರನ್ನೆಲ್ಲ ಚಿನ್ನ ಎಂದೇ ಕರೆಯುತ್ತಾಳೆ. ನಾನು ಕೇಳದಿದ್ದರೂ ಬೆಳ್ಳುಳ್ಳಿ ಹಾಕಿದ ಬಿಸಿ ಬಿಸ್ಕತ್ತು ತಂದಿಟ್ಟಳು. ಪಟ್ಟಿಯಲ್ಲಿ ಹನ್ನೆರಡು ವೈನ್. ಹತ್ತು ಫ್ಲಾರಿಡಾದ ಮುಖ್ಯ ಕಚೇರಿ ಆರಿಸಿದ್ದು, ಎರಡು ನಮ್ಮ ಸರೋವರದ ದಂಡೆಯ ದ್ರಾಕ್ಷಿಯವು. ಆ ಎರಡರಲ್ಲಿ ಒಂದಾದ ರೀಸ್ಲಿಂಗ್ ಎಂಬ ಬಿಳಿ ವೈನ್ ಹೇಳಿದೆ. ಅದರ ಬಗ್ಗೆ ಕೊರಿನ್ ಬರೆದದ್ದನ್ನು ಚೀಟಿಯಲ್ಲಿ ಇಳಿಸಿಕೊಂಡು ಹೋಗಿದ್ದೆ: ಆಗ ತಾನೆ ಕೊಯ್ದ ಮರಸೇಬು, ಮಳೆ ಬಿದ್ದ ಕಲ್ಲು, ಕೊನೆಯಲ್ಲಿ ನಿಂಬೆ. ಅವಳು ಕಲ್ಲು ನೆಕ್ಕಿ ನೋಡಿದ್ದು ಯಾವಾಗಲೋ ನನಗೆ ತಿಳಿಯದು.

ವೈನ್ ತೀರ್ಪುಗಾರರು ನುಂಗುವುದಿಲ್ಲ, ಬಾಯಲ್ಲಿ ಆಡಿಸಿ ಉಗಿಯುತ್ತಾರೆ. ನಾನೂ ಹಾಗೇ ಮಾಡಿ ಕಾಗದದ ಲೋಟಕ್ಕೆ ಉಗಿದೆ. ಪಕ್ಕದಲ್ಲಿ ಸಿಗಡಿ ಸುಲಿಯುತ್ತಿದ್ದ ಹೆಂಗಸು ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದಳು. ಟ್ವೈಲಾ ಓಡಿಬಂದಳು.

"ಏನಾಯ್ತು ಚಿನ್ನ, ಮುಳ್ಳು ಸಿಕ್ಕೊಂಡ್ತಾ?"

ವೈನ್ ಕುಡಿಯುತ್ತಿದ್ದೇನೆ ಎಂದೆ. ಕುಡಿಯುವುದೆಂದರೆ ಒಳಗೆ ಹೋಗಬೇಕು ಎಂದು ಅವಳು ತಿಳಿಹೇಳಿದಳು.

ಮರಸೇಬೂ ಇಲ್ಲ, ಕಲ್ಲೂ ಇಲ್ಲ. ಸೇಬಿನ ಸಿಪ್ಪೆ ನೆನೆಹಾಕಿ ಮರೆತುಬಿಟ್ಟ ನೀರಿನಂತಿತ್ತು. ನಾಲಿಗೆಯ ಅಂಚಿನಲ್ಲಿ ವಿನೆಗರಿನ ಚುರುಕು. ತಪ್ಪು ನನ್ನ ನಾಲಿಗೆಯದೇ, ಅನುಮಾನವಿಲ್ಲ. ಅಂಕ ಬರೆಯದೆ ಬಂದೆ.

ಜೂನ್ 10, ಶನಿವಾರ

ನಾಲಿಗೆಗೆ ಕೆಲಸ ಕಲಿಸುವುದೆಂದು ತೀರ್ಮಾನಿಸಿದೆ. ಅದೇ ರೀಸ್ಲಿಂಗ್ ಒಂದು ಬಾಟಲಿ ಕೊಂಡುತಂದೆ. ಗ್ಲಾಸು ಇಡಲು ಜಾಗ ಬೇಕಾಯಿತೆಂದು ಊಟದ ಮೇಜಿನ ಮೇಲಿದ್ದ ಸಂತಾಪದ ಕಾರ್ಡುಗಳನ್ನೆಲ್ಲ ಡಬ್ಬಿಗೆ ತುಂಬಿದೆ. ಒಂದು ತಿಂಗಳಿಂದ ಸಿಂಕಿನ ಮುಂದೆ ನಿಂತೇ ತಿನ್ನುತ್ತಿದ್ದೆ, ಇವತ್ತು ವೈನಿನ ದೆಸೆಯಿಂದ ಕೂರಬೇಕಾಯಿತು.

ಸಂಜೆ ಆರಕ್ಕೆ ಒಂದು ಗ್ಲಾಸು. ಮರಸೇಬು ಸಿಗಲಿಲ್ಲ. ಆದರೆ ನಿನ್ನೆಯ ಹುಳಿ ನೀರೂ ಅಲ್ಲ. ಬಿರಡೆ ಒತ್ತಿ ಫ್ರಿಜ್ಜಿನಲ್ಲಿಡಲು ಹೋದರೆ ಅಲ್ಲಿ ಜಾಗವಿಲ್ಲ. ಯಾರಾದರೂ ಸತ್ತರೆ ನಮ್ಮ ಬೀದಿಯವರು ಮ್ಯಾಕರೋನಿ ಬೇಯಿಸಿ ತಂದುಕೊಡುತ್ತಾರೆ. ಏಳು ಪಾತ್ರೆ ಹಾಗೇ ಕೂತಿವೆ. ಬಾಟಲಿಯನ್ನು ಒಲೆಯ ಪಕ್ಕದಲ್ಲಿಟ್ಟೆ.

ಜೂನ್ 11

ಮರಸೇಬು. ಇದೆ. ಮೊದಲ ಗುಟುಕಿನಲ್ಲಲ್ಲ, ಎರಡನೆಯದರಲ್ಲಿ. ಎದ್ದು ಅಡಿಗೆಮನೆಯಲ್ಲಿ ಒಂದು ಸುತ್ತು ಹಾಕಿದೆ.

ಜೂನ್ 13

ಮರಸೇಬು ಸೊರಗಿದೆ. ಸುವಾಸನೆ ಹೋಗಿ ಸಿಹಿಯಷ್ಟೇ ಉಳಿದಿದೆ.

ಜೂನ್ 15, ಗುರುವಾರ

ಬಾಟಲಿ ತೆರೆದು ಐದು ದಿನ. ಬಾಯಿಗೆ ಹಾಕಿದ ಕೂಡಲೇ ಹೋಬಾರ್ಟ್ಸ್‌ನ ಕಟ್ಟೆ, ಪ್ಲಾಸ್ಟಿಕ್ ಏಡಿ ಎಲ್ಲ ಕಣ್ಣಮುಂದೆ ಬಂದವು. ಅದೇ ಸೇಬಿನ ಸಿಪ್ಪೆಯ ನೀರು, ಅದೇ ಚುರುಕು. ತಪ್ಪು ನನ್ನ ನಾಲಿಗೆಯದಲ್ಲ, ದಿನಗಳದು.

ಒಂದು ಬೆಸುಗೆ ಕೆಟ್ಟಿದ್ದರೆ ಇಡೀ ಹಡಗು ಕೆಟ್ಟಿದೆ ಎನ್ನಲಾಗದು. ಅಂದು ನನಗೆ ಬಾಟಲಿಯ ತಳ ಸಿಕ್ಕಿರಬಹುದು. ಮತ್ತೆ ಹೋಗುತ್ತೇನೆ.

ಮ್ಯಾಕರೋನಿ ಎಸೆದು ಪಾತ್ರೆಗಳನ್ನು ಅವರವರ ಮನೆಗೆ ಕೊಟ್ಟುಬಂದೆ. ಫ್ರಿಜ್ಜಿನಲ್ಲಿ ವೈನಿಗೆ ಜಾಗ ಬೇಕಿತ್ತು. ಮೂಲೆಮನೆಯವರು ಒಳಗೆ ಕರೆದು ಕೂರಿಸಿದ್ದರಿಂದ ಒಂದು ಗಂಟೆ ಹಾಳಾಯಿತು. ಅವರ ನಾಯಿಗೆ ಸೊಂಟದ ಶಸ್ತ್ರಚಿಕಿತ್ಸೆ ಆಗಿದೆಯಂತೆ, ಈಗ ಪರವಾಗಿಲ್ಲ.

ಜೂನ್ 20, ಮಂಗಳವಾರ

ಎರಡನೆಯ ಭೇಟಿ. ರೀಸ್ಲಿಂಗ್ ಮೂರು ದಿನದ್ದು. ಕೆಂಪು ಮೆರ್ಲೋ ಕಾಫಿ ಯಂತ್ರದ ಪಕ್ಕದಲ್ಲಿ ನಿಂತಿತ್ತು, ಗ್ಲಾಸು ಹಿಡಿದರೆ ಕೈ ಬೆಚ್ಚಗಾಯಿತು. ಬಿಳಿ ಷಾರ್ಡೊನೆ ಎಷ್ಟು ದಿನದ್ದೋ ಹೇಳಲಾರೆ, ಹೂದಾನಿಯ ನೀರಿನ ವಾಸನೆ ಇತ್ತು. ಈ ಸಲ ಮುಖ ಗೋಡೆಗೆ ತಿರುಗಿಸಿ ಉಗಿದೆ.

ಯಾರದೋ ಹುಟ್ಟುಹಬ್ಬವೆಂದು ಬಡಿಸುವವರೆಲ್ಲ ಸುತ್ತ ನಿಂತು ಚಪ್ಪಾಳೆ ತಟ್ಟಿ ಹಾಡಿದರು. ಹಾಡಿನ ಮಧ್ಯೆ ನನಗೆ ಒಂದೇ ಯೋಚನೆ. ಕೊರಿನ್ ಇದೇ ಜಾಗದಲ್ಲಿ ಕೂತು ತೊಂಬತ್ತೊಂದು ಕೊಟ್ಟದ್ದು ಹೇಗೆ? ನನ್ನಂಥವನ ನಾಲಿಗೆಗೆ ಸಿಕ್ಕಿದ್ದು ಅವಳಿಗೆ ಸಿಗಲಿಲ್ಲವೇ?

ಏಡಿ ತಿಂದೆ. ಅದು ಮಾತ್ರ ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳಬೇಕು.

ಜೂನ್ 23, ಶುಕ್ರವಾರ

ಇವತ್ತು ರೀಸ್ಲಿಂಗ್ ಬಾಯಿಗಿಟ್ಟು ಟ್ವೈಲಾಗೆ ನೇರವಾಗಿ ಹೇಳಿದೆ, ಇದು ಶನಿವಾರ ತೆಗೆದ ಬಾಟಲಿ ಎಂದು. ಅವಳು ಒರೆಸುತ್ತಿದ್ದ ಗ್ಲಾಸು ಕೆಳಗಿಟ್ಟು ನನ್ನನ್ನೇ ನೋಡಿದಳು.

"ಭಾನುವಾರ," ಎಂದಳು. "ಮಧ್ಯಾಹ್ನ ಎರಡಕ್ಕೆ. ಒಂದು ದಿನ ತಪ್ಪಿದ್ರಿ ಚಿನ್ನ."

ಅವಳು ಏನನ್ನೂ ಮುಚ್ಚಿಡಲಿಲ್ಲ. ಇಲ್ಲಿಗೆ ಬರುವವರಿಗೆ ಬೇಕಾದದ್ದು ಬಿಯರು, ಇಲ್ಲವೇ ಬಣ್ಣದ ಐಸಿನ ಸಿಹಿ ಮದ್ಯ. ಗ್ಲಾಸು ಲೆಕ್ಕದಲ್ಲಿ ವೈನ್ ಕೇಳುವವರು ದಿನಕ್ಕೆ ನಾಲ್ಕು ಜನ. ಅರ್ಧ ಬಾಟಲಿ ಚೆಲ್ಲಿದರೆ ಮುಖ್ಯ ಕಚೇರಿಯವರು ಮ್ಯಾನೇಜರ್ ಬ್ರೆಂಟ್‌ನನ್ನು ಪ್ರಶ್ನಿಸುತ್ತಾರೆ, ಹಾಗಾಗಿ ಯಾರೂ ಚೆಲ್ಲುವುದಿಲ್ಲ. ಮುಗಿಯುವ ತನಕ ಅದನ್ನೇ ಸುರಿಯುತ್ತಾರೆ.

ಹಾಗಾದರೆ ನನ್ನ ಹೆಂಡತಿ ನಿಮಗೆ ತೊಂಬತ್ತೊಂದು ಕೊಟ್ಟದ್ದು ಹೇಗೆ ಎಂದು ಕೇಳಿದೆ. ಯಾರು ನಿಮ್ಮ ಹೆಂಡತಿ ಎಂದಳು. ಹೇಳಿದೆ. ಟ್ವೈಲಾ ಮುಖದ ಬಣ್ಣ ಇಳಿಯಿತು. ಕೊರಿನ್ ಸತ್ತದ್ದು ಪತ್ರಿಕೆಯಲ್ಲಿ ಓದಿದ್ದಳಂತೆ. ಆಮೇಲೆ, ನಾನು ಬಿಡದೆ ಕೇಳಿದ್ದಕ್ಕೆ, ತಗ್ಗಿದ ದನಿಯಲ್ಲಿ ಹೇಳಿದಳು.

"ನಿಮ್ ಸಂಘದ ಪತ್ರಿಕೆ ಬರುತ್ತಲ್ಲ, ಅದ್ರಲ್ಲಿ ತೀರ್ಪುಗಾರರ ಫೋಟೋ ಹಾಕ್ತಾರೆ. ಬ್ರೆಂಟ್ ಅದನ್ನ ಕತ್ತರಿಸಿ ಐಸ್ ಯಂತ್ರದ ಮೇಲೆ ಅಂಟಿಸಿದ್ದ. ಈಯಮ್ಮ ಬಂದ್ರೆ ಹೊಸ ಬಾಟ್ಲಿ ತೆಗೀರಿ ಅಂತ ಕೆಳಗೆ ಬರ್ದಿದ್ದ. ನಾಲ್ಕು ವರ್ಷದಿಂದ ಹಾಗೇ ಮಾಡ್ತಿದ್ವಿ."

ಗುಟ್ಟಾಗಿ ಹೋಗಬೇಕೆಂಬ ನಿಯಮ ಮಾಡಿದವರೂ ನಮ್ಮ ಸಂಘದವರೇ, ತೀರ್ಪುಗಾರರ ಮುಖವನ್ನು ಅಚ್ಚುಹಾಕಿಸಿ ಊರಿನ ಎಲ್ಲ ಹೋಟೆಲಿಗೂ ಪುಕ್ಕಟೆ ಕಳಿಸಿದವರೂ ಅವರೇ. ಹನ್ನೊಂದು ವರ್ಷದಲ್ಲಿ ಒಬ್ಬನ ತಲೆಗೂ ಹೊಳೆದಿಲ್ಲ. ನನ್ನ ತಲೆಗೂ. ಆ ಫೋಟೋ ತೆಗೆದವನು ನಾನೇ, ಹಿತ್ತಿಲಲ್ಲಿ, ಅವಳು ನೀಲಿ ಕೋಟು ಹಾಕಿಕೊಂಡಿದ್ದಾಗ.

ಊಟ ಮಾಡದೆ ಎದ್ದುಬಂದೆ. ಟ್ವೈಲಾ ಹಿಂದಿನಿಂದ ಏನೋ ಹೇಳಲು ಬಂದಳು, ನಾನು ನಿಲ್ಲಲಿಲ್ಲ.

ಜೂನ್ 24

ನಾಲ್ಕು ವರ್ಷ ಅವಳನ್ನು ಮೂರ್ಖಳನ್ನಾಗಿ ಮಾಡಿದರು. ಕಾರಿಗೆ ಬಂದು ಕೂತು, ಹೇಗಿತ್ತು ಎಂದು ನಾನು ಕೇಳಿದಾಗ ಅವಳ ಮುಖ ಎಷ್ಟು ಅರಳುತ್ತಿತ್ತು. ಅದನ್ನು ನೆನೆದರೆ ಬ್ರೆಂಟ್‌ನ ಕತ್ತು ಹಿಸುಕಬೇಕೆನಿಸುತ್ತದೆ.

ಜೂನ್ 28, ಬುಧವಾರ

ಲೀಲ್ಯಾಂಡ್‌ಗೆ ಫೋನಿನಲ್ಲಿ ಎಲ್ಲ ಹೇಳಿದ್ದೆ. ಇವತ್ತು ಮನೆಗೇ ಬಂದ. ಬ್ಯಾನರು ಅಚ್ಚಾಗಿ ಬಂದಿದೆ, ಅದರಲ್ಲಿ ಅವಳ ಹೆಸರು ಒಂದು ಅಡಿ ಎತ್ತರ. ಅವಳ ತಂಗಿ ಪಿಟ್ಸ್‌ಬರ್ಗ್‌ನಿಂದ ಬರುತ್ತಾಳೆ. ಈಗ ನಾನು ಬಾಯಿಬಿಟ್ಟರೆ ಬರುವವರಿಗೆಲ್ಲ ಗೊತ್ತಾಗುವುದು ಒಂದೇ: ಹನ್ನೊಂದು ವರ್ಷ ತೀರ್ಪು ಕೊಟ್ಟ ಕೊರಿನ್ ಬೆನೆಷ್‌ಗೆ ಕಣ್ಣಮುಂದಿನ ಮೋಸ ಕಾಣಲಿಲ್ಲ. ಫಲಕದ ಮೇಲೆ ಅವಳ ಹೆಸರು, ಜನರ ಬಾಯಲ್ಲಿ ಅವಳ ಗೇಲಿ.

"ಹೋಬಾರ್ಟ್ಸ್ ಹಾಳಾಗ್ ಹೋಗ್ಲಿ," ಎಂದ ಲೀಲ್ಯಾಂಡ್. "ಸತ್ತೋಳ ಹೆಸ್ರಿಗೆ ನೀನೇ ಮಸಿ ಬಳೀತೀಯಲ್ಲೋ. ಒಂದು ಅಂಕಿ, ಮಿಲ್ಟ್. ಅವ್ಳಿಗೋಸ್ಕರ."

ಅವನು ಕೆಟ್ಟವನಲ್ಲ. ಅವಳ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು. ಅವನು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಅವನು ಹೋದ ಮೇಲೆ ಮೂರನೆಯ ಅಂಕಣದಲ್ಲಿ ಪೆನ್ಸಿಲಿನಿಂದ ತೊಂಬತ್ತು ಎಂದು ಬರೆದೆ.

ಪೆನ್ಸಿಲಿನಲ್ಲಿ ಏಕೆ ಎಂದು ನನ್ನನ್ನೇ ಕೇಳಿಕೊಳ್ಳಲಿಲ್ಲ.

ಜುಲೈ 2, ಭಾನುವಾರ

ಹಾಳೆ ಮೇಜಿನ ಮೇಲಿದೆ. ಊಟ ಮಾಡುವಾಗ ಅದರ ಮೇಲೆ ತಟ್ಟೆ ಇಟ್ಟೆ. ತಟ್ಟೆ ಎತ್ತಿದರೆ ಮತ್ತೆ ಅದೇ ತೊಂಬತ್ತು.

ಜುಲೈ 5, ಬುಧವಾರ

ಒಂದು ವಿಷಯ ಕೊರೆಯುತ್ತಿತ್ತು. ಟ್ವೈಲಾ ಅವತ್ತು ಬೆನ್ನ ಹಿಂದಿನಿಂದ ಹೇಳಲು ಬಂದದ್ದೇನು? ಬಿಸಿಲೇರುವ ಮೊದಲು, ಹೋಟೆಲು ಬಾಗಿಲು ತೆಗೆಯುವ ಹೊತ್ತಿಗೇ ಹೋದೆ. ಅವಳು ನಿಂಬೆಹಣ್ಣು ಹೆಚ್ಚುತ್ತಿದ್ದಳು. ನನ್ನನ್ನು ಕಂಡು ಕಾಫಿ ಸುರಿದು ಮುಂದಿಟ್ಟಳು. ವೈನ್ ಬೇಕೇ ಎಂದು ಕೇಳಲಿಲ್ಲ.

ಕೊರಿನ್ ಕೊನೆಯ ಸಲ ಬಂದದ್ದು ಯಾವಾಗ ಎಂದು ಕೇಳಿದೆ. ಜನವರಿ ಎನ್ನುತ್ತಾಳೆಂದುಕೊಂಡಿದ್ದೆ.

"ಮಾರ್ಚ್ ತಿಂಗಳು," ಎಂದಳು. "ಹದಿನೈದು. ನನ್ ಮೊಮ್ಮಗಳ ಹುಟ್ಟಿದಬ್ಬ, ಅದಕ್ಕೇ ನೆನಪಿದೆ."

ಆಮೇಲೆ ಚಾಕು ಕೆಳಗಿಟ್ಟು ಹೇಳಿದಳು. ಅವತ್ತು ಕಟ್ಟೆಯ ಈ ಬದಿ ಜಾಗವಿಲ್ಲದೆ ಕೊರಿನ್ ಆ ತುದಿಯಲ್ಲಿ, ಐಸ್ ಯಂತ್ರದ ಎದುರಿಗೆ ಕೂತಳಂತೆ. ಟ್ವೈಲಾ ಹೊಸ ಬಾಟಲಿ ಹಿಡಿದು ತಿರುಗುವಷ್ಟರಲ್ಲಿ ಅವಳು ಕನ್ನಡಕ ಏರಿಸಿಕೊಂಡು ತನ್ನದೇ ಫೋಟೋ ನೋಡುತ್ತಿದ್ದಳು. ಕೆಳಗೆ ಬರೆದದ್ದನ್ನೂ ಓದಿದಳು.

"ಬೈಲಿಲ್ಲ. ಏನೂ ಅನ್ಲಿಲ್ಲ. ತಮ್ ಪಕ್ಕದಲ್ಲಿದ್ದವ್ರಿಗೆ ಯಾವ ಬಾಟ್ಲಿಯಿಂದ ಕೊಟ್ಟೆ ಅಂತ ಕೇಳಿದ್ರು. ಅದ್ರಿಂದ್ಲೇ ನಂಗೂ ಕೊಡು ಅಂದ್ರು. ಕೊಟ್ಟೆ. ಒಂದೇ ಗುಟುಕು ಕುಡ್ದು ಗ್ಲಾಸ್ ಇಟ್ರು. ಕೋಟು ಹಾಕ್ಕೊಂಡು, ಥ್ಯಾಂಕ್ಸ್ ಟ್ವೈಲಾ ಅಂದು ಹೋದ್ರು. ಮಾರನೇ ದಿನ ನಾನೇ ಆ ಫೋಟೋ ಕಿತ್ತಾಕ್ದೆ."

ಹೆಚ್ಚಿದ ನಿಂಬೆಹೋಳುಗಳನ್ನು ಡಬ್ಬಿಗೆ ತುಂಬುತ್ತ ಮತ್ತೊಂದು ಮಾತು ಹೇಳಿದಳು.

"ಅವ್ರು ಒಳಗ್ ಬಂದ್ರೆ ನಾವೆಲ್ಲ ಸರಿಯಾಗ್ ನಿಂತ್ಕೋತಿದ್ವಿ. ಅವ್ರಿಗೆ ಅದು ತುಂಬ ಖುಷಿ. ವೈನ್ ಬಗ್ಗೆ ನಂಗೆ ಹೇಳ್ಕೊಡ್ತಿದ್ರು. ನಾವು ಮರ್ಯಾದೆ ಕೊಡೋದು ಅವ್ರ ತಿಳುವಳಿಕೆಗೆ ಅಂದ್ಕೊಂಡಿದ್ರು."

ಮಾರ್ಚ್ ಹದಿನೈದು ನನಗೂ ನೆನಪಿದೆ. ಅವಳನ್ನು ಅಲ್ಲಿಯೇ ಪಕ್ಕದ ಬಟ್ಟೆ ಅಂಗಡಿಯ ಮುಂದೆ ಇಳಿಸಿದ್ದೆ. ಪರದೆಗೆ ಬಟ್ಟೆ ನೋಡಬೇಕು ಎಂದಿದ್ದಳು, ಅಲ್ಲಿಂದ ಹೋಬಾರ್ಟ್ಸ್‌ಗೆ ನಡೆದು ಹೋಗಿರಬೇಕು. ಒಂದು ತುಂಡು ಬಟ್ಟೆಯೂ ಇಲ್ಲದೆ ಕಾರಿಗೆ ಬಂದಳು. ಮನಸ್ಸಿಗೆ ಹಿಡಿಸುವಂಥದ್ದು ಇರಲಿಲ್ಲವೇ ಎಂದೆ. ಇರಲಿಲ್ಲ ಎಂದಳು. ಮನೆ ಬರುವವರೆಗೂ ಸರೋವರದ ಕಡೆ ನೋಡುತ್ತಿದ್ದಳು.

ಮೇ ಒಂಬತ್ತರಂದು ಟೊಮೆಟೊ ಪಾತಿಯಲ್ಲಿ ಬಗ್ಗಿದವಳು ಏಳಲಿಲ್ಲ. ಮಧ್ಯೆ ಸುಮಾರು ಎರಡು ತಿಂಗಳು ಆ ಹಾಳೆ ಅವಳ ಡ್ರಾಯರಿನಲ್ಲಿತ್ತು. ಸಮಯ ಸಿಗಲಿಲ್ಲ ಎಂದು ಲೀಲ್ಯಾಂಡ್ ಹೇಳಿದ್ದು ಸುಳ್ಳು. ಸಮಯ ಬೇಕಾದಷ್ಟಿತ್ತು. ಅವಳಿಗೆ ಬರೆಯಲಾಗಲಿಲ್ಲ. ತೊಂಬತ್ತು ಎಂದೂ ಬರೆಯಲಾಗಲಿಲ್ಲ, ನಿಜವನ್ನೂ ಬರೆಯಲಾಗಲಿಲ್ಲ.

ಜುಲೈ 6

ನನಗೆ ಹೇಳಲಿಲ್ಲ. ಹಲ್ಲುಜ್ಜುವಾಗ ಬಂದ ಯೋಚನೆಯನ್ನೂ ನೊರೆ ಉಗಿಯುವ ಮೊದಲೇ ಬಂದು ಹೇಳುತ್ತಿದ್ದವಳು ಇದೊಂದನ್ನು ನುಂಗಿಕೊಂಡಳು. ನನಗೆ ಬಹಳ ನೋವಾಗಿದೆ.

ಹೇಳಿದ್ದರೆ ನಾನು ಏನನ್ನುತ್ತಿದ್ದೆ? ಹುಳಿ ನೀರಿಗೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಡ ಎನ್ನುತ್ತಿದ್ದೆ. ಮದುವೆಯಾಗಿ ನಲವತ್ತೆರಡು ವರ್ಷ, ಅವಳ ವೈನನ್ನು ಹುಳಿ ನೀರು ಎಂದು ಕರೆದು ನಗಿಸುತ್ತಿದ್ದೇನೆ ಎಂದುಕೊಂಡಿದ್ದೆ. ಒಂದು ಗ್ಲಾಸು ಜೊತೆಗೆ ಕುಡಿ ಎಂದು ಮೊದಮೊದಲು ಕರೆಯುತ್ತಿದ್ದಳು. ಆಮೇಲೆ ಕರೆಯುವುದು ಬಿಟ್ಟಳು. ಅವಳ ಮಾತಿಗೆ ಎದ್ದು ನಿಂತವರು ಹೋಬಾರ್ಟ್ಸ್‌ನವರು ಮಾತ್ರ. ಅದೂ ಫೋಟೋ ನೋಡಿ.

ಸಂಜೆ ಆರಕ್ಕೆ ರೀಸ್ಲಿಂಗ್ ಹೊಸ ಬಾಟಲಿ ತೆರೆದೆ. ಮಳೆ ಬಿದ್ದ ಕಲ್ಲೆಂದರೆ ಏನೆಂದು ತಿಳಿಯಿತು. ಹೇಳೋಣವೆಂದು ತಲೆಯೆತ್ತಿದರೆ ಎದುರಿಗೆ ಕುರ್ಚಿ ಮಾತ್ರ ಇತ್ತು.

ಜುಲೈ 8, ಶನಿವಾರ

ಬೆಳಿಗ್ಗೆ ಗಡ್ಡ ಹೆರೆದು, ಅಂಗಿ ಬದಲಿಸಿ, ಮೇಜಿನ ಮುಂದೆ ಕೂತೆ. ರಬ್ಬರಿನಿಂದ ಪೆನ್ಸಿಲಿನ ತೊಂಬತ್ತನ್ನು ಅಳಿಸಿದೆ. ಪೆನ್ನು ತೆಗೆದುಕೊಂಡೆ.

ಪಟ್ಟಿಯ ಆಯ್ಕೆಗೆ ನಲವತ್ತರಲ್ಲಿ ಮೂವತ್ತಾರು. ಇದರಲ್ಲಿ ಕೊರಿನ್ ಹೇಳಿದ್ದೇ ಸರಿ. ಮೀನಿಗೆ ಹೊಂದುವ ವೈನ್‌ಗಳು, ನಮ್ಮ ಊರಿನ ಎರಡಕ್ಕೂ ಜಾಗವಿದೆ, ಯಾರನ್ನೂ ಹೆದರಿಸದ ಪಟ್ಟಿ. ಬೆಲೆಗೆ ಇಪ್ಪತ್ತರಲ್ಲಿ ಹದಿನಾಲ್ಕು. ಅವಳು ಹದಿನೆಂಟು ಕೊಡುತ್ತಿದ್ದಳು, ಕೈ ಸ್ವಲ್ಪ ಧಾರಾಳ. ಗ್ಲಾಸಿಗೆ ಬಂದ ವೈನಿಗೆ ನಲವತ್ತರಲ್ಲಿ ನಾಲ್ಕು. ಒಟ್ಟು ಐವತ್ತನಾಲ್ಕು.

ಇದಿಷ್ಟು ಸುಲಭವಾಗಿತ್ತು. ಆಮೇಲಿನದು ಕಷ್ಟ. ಮೂರರ ಸರಾಸರಿ ತೆಗೆದರೆ ಎಪ್ಪತ್ತೆಂಟು ಮೀರುತ್ತದೆ, ಎಪ್ಪತ್ತೈದಿದ್ದರೆ ಫಲಕ ಸಿಗುತ್ತದೆ, ಬೇರೆ ಯಾವ ಹೋಟೆಲೂ ಈ ವರ್ಷ ಅಷ್ಟು ಮುಟ್ಟಿಲ್ಲ. ಅಂದರೆ ನನ್ನ ಅಂಕಿಗೆ ಅರ್ಥವೇ ಇಲ್ಲ. ತೊಂಬತ್ತೊಂದೂ ತೊಂಬತ್ತೂ ಬೇರೆ ಯಾರಿಗೂ ಸಿಗದ ಬಾಟಲಿಗೆ ಕೊಟ್ಟ ಅಂಕ. ಅವು ನಿಲ್ಲಬಾರದು. ಅಂಕ ಹೊಡೆದು ಹಾಕುವ ಅಧಿಕಾರ ಹಾಳೆಗೆ ಸಹಿ ಮಾಡುವವನಿಗೆ ಇದೆ, ಅದೂ ಬೆನ್ನಿಗೇ ಅಚ್ಚಾಗಿದೆ.

ಅವಳ ಒಂಬತ್ತಿಗೆ ಬಾಲ ಉದ್ದ. ದಿನಸಿ ಚೀಟಿಯಲ್ಲೂ ಹಾಗೇ ಬರೆಯುತ್ತಿದ್ದಳು. ಅಳತೆಪಟ್ಟಿ ಇಟ್ಟು ಎರಡರ ಮೇಲೂ ಗೀಟು ಎಳೆದೆ. ಹಡಗುಕಟ್ಟೆಯಲ್ಲಿ ಸಾವಿರ ಬೆಸುಗೆ ತಿರಸ್ಕರಿಸಿದ್ದೇನೆ, ಗೀಟು ಎಳೆಯುವ ಮೊದಲು ಪೆನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡದ್ದು ಇವತ್ತೇ.

ಜುಲೈ 12, ಬುಧವಾರ

ಸಂಘದ ಸಭೆ. ಏಳು ಜನ. ಹಾಳೆ ಕೈಯಿಂದ ಕೈಗೆ ಹೋಯಿತು. ಲೀಲ್ಯಾಂಡ್ ಅದನ್ನು ಮೇಜಿನ ಮೇಲೆ ಮಗುಚಿಟ್ಟು, ಯೋಚಿಸಲು ನನಗೆ ಇನ್ನೂ ಒಂದು ವಾರ ಕೊಡೋಣ ಎಂದ. ನಾನು ಎದ್ದು ನಿಂತೆ. ಭಾಷಣ ಮಾಡುವವನಲ್ಲ ನಾನು, ಬರೆದುಕೊಂಡೂ ಹೋಗಿರಲಿಲ್ಲ.

"ನಾಲ್ಕು ವರ್ಷ ಅವ್ಳಿಗೆ ಮೋಸ ಆಯ್ತು. ಫೋಟೋ ತೆಗ್ದವ್ನು ನಾನು, ಅಚ್ಚಾಕ್ಸಿದವ್ರು ನೀವು. ಮಾರ್ಚ್‌ನಲ್ಲಿ ಅವ್ಳಿಗೇ ಗೊತ್ತಾಯ್ತು. ಅವತ್ತಿಂದ ಸಾಯೋವರ್ಗೂ ಅವ್ಳು ಅಲ್ಲಿ ಒಂದು ಅಂಕಿ ಬರೀಲಿಲ್ಲ. ಸುಳ್ಳು ಬರೆಯೋದಿದ್ರೆ ಅವತ್ತೇ ಬರೀತಿದ್ಲು. ಅವ್ಳು ಬರೀದೇ ಇದ್ದಿದ್ದನ್ನ ನಾನ್ ಬರ್ದಿದೀನಿ. ಹೆಸ್ರು ಅವ್ಳದ್ದೇ ಇಡಿ. ಆದ್ರೆ ಈ ವರ್ಷ ಯಾರಿಗೂ ಕೊಡ್ಬೇಡಿ."

ಲೀಲ್ಯಾಂಡ್ ಬಹಳ ಹೊತ್ತು ಕನ್ನಡಕ ಒರೆಸಿದ. ಆಮೇಲೆ ಕೈ ಎತ್ತಿದವರಲ್ಲಿ ಮೊದಲನೆಯವನು ಅವನೇ. ಪರವಾಗಿ ಐದು, ವಿರುದ್ಧ ಎರಡು.

ಜುಲೈ 19

ಟ್ವೈಲಾ ಫೋನು ಮಾಡಿದ್ದಳು. ಬ್ರೆಂಟ್ ಹಳೆಯ ನಾಲ್ಕೂ ಫಲಕಗಳನ್ನು ಇಳಿಸಿ ಅಲ್ಲಿ ಪ್ಲಾಸ್ಟಿಕ್ ಮೀನು ತೂಗುಹಾಕಿದ್ದಾನಂತೆ. ನನ್ನ ಮೇಲೆ ಅವನಿಗೆ ಸಿಟ್ಟು. ಅವಳಿಗೆ ಇಲ್ಲ. ರೀಸ್ಲಿಂಗ್ ಬಗ್ಗೆ ಏನೋ ಕೇಳಿದಳು, ನನಗೆ ಗೊತ್ತಿದ್ದಷ್ಟು ಹೇಳಿದೆ. ಫೋನು ಇಡುವಾಗ ನಲವತ್ತು ನಿಮಿಷ ಆಗಿತ್ತು.

ಜುಲೈ 22, ಶನಿವಾರ

ಔತಣ ಮುಗಿದು ಮನೆಗೆ ಬಂದೆ, ಇನ್ನೂ ಬೆಳಕಿದೆ. ಲೀಲ್ಯಾಂಡ್ ವೇದಿಕೆಯ ಮೇಲೆ ಒಂದು ಅಕ್ಷರವನ್ನೂ ಬಿಡದೆ ಹೇಳಿದ: ಮೊದಲ ಕೊರಿನ್ ಬೆನೆಷ್ ಫಲಕಕ್ಕೆ ಈ ವರ್ಷ ಯಾರೂ ಅರ್ಹರಾಗಲಿಲ್ಲ, ಇನ್ನು ಮುಂದೆ ತೀರ್ಪುಗಾರರ ಫೋಟೋ ಅಚ್ಚಾಗುವುದಿಲ್ಲ, ಕಾರಣ ಇಂಥದು. ನಾನು ತಟ್ಟೆಯನ್ನೇ ನೋಡುತ್ತ ಕೂತಿದ್ದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಹಾಗೆಂದು ನನಗೆ ಅನಿಸಿತು. ಬೇರೇನಕ್ಕೋ ನಕ್ಕಿರಬಹುದು. ಅವಳ ತಂಗಿ ಊಟ ಮುಗಿಯುವ ತನಕ ನನ್ನೊಡನೆ ಮಾತಾಡಲಿಲ್ಲ. ಹೊರಡುವಾಗ ಬಂದು ಕೋಟಿನ ಗುಂಡಿ ಸರಿಮಾಡಿದಳು, ಅಕ್ಕ ಇದ್ದಿದ್ದರೆ ನಿಮ್ಮನ್ನು ಸುಮ್ಮನೆ ಬಿಡುತ್ತಿರಲಿಲ್ಲ ಭಾವ ಎಂದಳು.

ನಿಜ. ಬಿಡುತ್ತಿರಲಿಲ್ಲ. ಊರಿನವರ ಮುಂದೆ ನನ್ನ ಅಂಕಿಗೆ ಗೀಟು ಹಾಕಿದೆಯಲ್ಲ ಎಂದು ಮೂರು ದಿನ ಮಾತು ಬಿಡುತ್ತಿದ್ದಳು. ತಟ್ಟೆಗಳನ್ನು ಸದ್ದು ಮಾಡಿ ಇಡುತ್ತಿದ್ದಳು, ಕಾಫಿ ಒಬ್ಬಳಿಗೇ ಮಾಡಿಕೊಳ್ಳುತ್ತಿದ್ದಳು. ನಾಲ್ಕನೆಯ ದಿನ ಬಾಗಿಲಲ್ಲಿ ನಿಂತು, ಬೆಲೆಗೆ ಹದಿನಾಲ್ಕು ಕೊಟ್ಟದ್ದು ಮಾತ್ರ ತಪ್ಪು ಎಂದು ಜಗಳಕ್ಕೆ ಬರುತ್ತಿದ್ದಳು.

ಅಂಕ ಹಾಕಿದ್ದು ಸರಿ. ಮತ್ತೆ ಹಾಕಬೇಕಾಗಿ ಬಂದರೂ ಅದನ್ನೇ ಹಾಕುತ್ತೇನೆ. ಆ ಮೂರು ದಿನದ ಸಿಟ್ಟು ಮಾತ್ರ ನನಗೆ ಬೇಕಿತ್ತು.